ಟೇಲರ್ ಮಂಜಿಲ್‌ನಲ್ಲಿ ಸುರಪುರದ ಮಾತಿಗೂ ಒಂದು ಕೋಣೆ ಬೇಕು

ಮಾನ್ಯ ಸಂಪಾದಕರೆ,

ಸುರಪುರದ ಗುಡ್ಡದ ಮೇಲಿರುವ ಟೇಲರ್ ಮಂಜಿಲ್, ಅಂದರೆ ಟೇಲರ್ ಎಂಬ ಬಿಳಿಯ ಅಧಿಕಾರಿಯ ಹಳೆಯ ಬಂಗಲೆಯ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಈಚೆಗೆ ಎರಡು ಓದುಗರ ಪತ್ರ ಬಂದವು. ಒಬ್ಬರು ಆ ಹೆಸರನ್ನೇ ತೆಗೆದುಹಾಕಿ ಅಂದರು. ಇನ್ನೊಬ್ಬರು, ಟೇಲರ್ ಸಾಹೇಬ ಬರದಿದ್ದರೆ ಸುರಪುರಕ್ಕೆ ಕೆರೆಯೂ ಇಲ್ಲ, ರಸ್ತೆಯೂ ಇಲ್ಲ ಎಂದು ಬರೆದರು. ಇಬ್ಬರೂ ಊರಿನ ಮೇಲಿನ ಪ್ರೀತಿಯಿಂದಲೇ ಬರೆದಿದ್ದಾರೆ. ಆದರೆ ಇಬ್ಬರ ಮಾತೂ ಹುಟ್ಟಿದ್ದು ಒಂದೇ ಕಡೆ. ಟೇಲರ್ ತನ್ನ ಬದುಕಿನ ಬಗ್ಗೆ ತಾನೇ ಬರೆದ ಪುಸ್ತಕದಲ್ಲಿ. ಬೈಯುವವರಿಗೂ ಅದೇ ಆಧಾರ, ಹೊಗಳುವವರಿಗೂ ಅದೇ ಆಧಾರ. ನನ್ನ ತಕರಾರು ಇರುವುದು ಅಲ್ಲೇ.

ನಾನು ಭೂಮಾಪಕನಾಗಿದ್ದವನು. ಸುರಪುರ, ಶಹಾಪುರ, ಜೇವರ್ಗಿ ಕಡೆಯ ಹೊಲಗಳಲ್ಲಿ ಸರಪಳಿ ಎಳೆದು ನಿವೃತ್ತನಾದೆ. ನಾರಾಯಣಪುರ ಎಡದಂಡೆ ಕಾಲುವೆಗೆ ಜಮೀನು ಹೋಗುವಾಗ ಈ ಭಾಗದ ಎರೆ ಹೊಲಗಳನ್ನು ಬಿಸಿಲಲ್ಲಿ ನಡೆದು ಅಳೆದಿದ್ದೇನೆ. ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಯಾರಾದರೂ ಹದ್ದುಬಸ್ತಿಗೆ, ಅಂದರೆ ಹೊಲದ ಗಡಿ ಗುರುತಿಸಿಕೊಡಲು ಅರ್ಜಿ ಹಾಕಿದರೆ, ಅರ್ಜಿದಾರ ತೋರಿಸಿದ ಕಡೆ ಸುಮ್ನೆ ಕಲ್ಲು ನೆಟ್ಟು ಬರುವ ಹಾಗಿಲ್ಲ. ಬಾಜು ಹೊಲದವರಿಗೆಲ್ಲ ನೋಟಿಸು ಕೊಡಬೇಕು. ಅವರು ಬಂದು ನಿಲ್ಲಬೇಕು. ಅವರ ಮಾತು ಕೇಳಬೇಕು. ಪಂಚನಾಮೆ ಆಗಬೇಕು. ಅರ್ಜಿದಾರ ಎಷ್ಟೇ ಸತ್ಯವಂತ ಇರಲಿ, ಅವನೊಬ್ಬನ ಮಾತಿನ ಮೇಲೆ ಗಡಿ ಗುರುತಿಸುವುದಿಲ್ಲ. ಸುರಪುರದ 1841ರಿಂದ 1858ರವರೆಗಿನ ಕತೆಗೆ ಇಂಥ ನೋಟಿಸು ಇನ್ನೂ ಹೋಗಿಲ್ಲ. ಒಬ್ಬ ಅರ್ಜಿದಾರನ ಮಾತಿನ ಮೇಲೆಯೇ ನಾವೆಲ್ಲ ಕಲ್ಲು ನೆಟ್ಟು ಕೂತಿದ್ದೇವೆ.

ಮೊದಲು ಆ ಮನುಷ್ಯ ಯಾರು ಅನ್ನುವುದನ್ನು ಹೇಳಬೇಕು. ನಮ್ಮ ಹೊಸ ಹುಡುಗರಿಗೆ ಟೇಲರ್ ಅಂದರೆ ಒಂದು ಬಂಗಲೆಯ ಹೆಸರು ಅಷ್ಟೇ.

ಫಿಲಿಪ್ ಮೆಡೋಸ್ ಟೇಲರ್ ಹುಟ್ಟಿದ್ದು 1808ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. 1824ರಲ್ಲಿ ಮುಂಬಯಿಗೆ ಬಂದ. ದಂಡಿಗೆ ಸೇರಲು ಬಂದವನಲ್ಲ. ಒಬ್ಬ ವ್ಯಾಪಾರಿಯ ಕೋಠಿಯಲ್ಲಿ ಗುಮಾಸ್ತನಾಗಲು ಬಂದವನು. ಬಂದು ನೋಡಿದರೆ ಆ ವ್ಯಾಪಾರಿಯ ಧಂದೆಯೇ ನಷ್ಟದಲ್ಲಿತ್ತು. ಅದೇ ವರ್ಷ ಹೈದರಾಬಾದ್ ನಿಜಾಮನ ಸೈನ್ಯದಲ್ಲಿ ಅಧಿಕಾರಿಯ ಕೆಲಸ ಸಿಕ್ಕಿತು. ಆಗಿನ್ನೂ 16ರ ಹುಡುಗ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಆತ ಇಂಗ್ಲೆಂಡ್ ರಾಜನ ದಂಡಿನವನಲ್ಲ, ಈಸ್ಟ್ ಇಂಡಿಯಾ ಕಂಪನಿಯ ದಂಡಿನವನೂ ಅಲ್ಲ. ಅವನಿಗೆ ಸಂಬಳ ಕೊಟ್ಟದ್ದು ನಿಜಾಮನ ಖಜಾನೆ. ಅಪ್ಪಣೆ ಕೊಟ್ಟದ್ದು ಹೈದರಾಬಾದಿನಲ್ಲಿ ಕೂತ ಬ್ರಿಟಿಷ್ ರೆಸಿಡೆಂಟ್, ಅಂದರೆ ನಿಜಾಮನ ದರಬಾರಿನಲ್ಲಿದ್ದ ಕಂಪನಿಯ ಪ್ರತಿನಿಧಿ. ಆ ಪಡೆ ಇದ್ದದ್ದೇ ಹಾಗೆ. ಹಣ ನಿಜಾಮನದು, ಅಧಿಕಾರಿಗಳು ಬಿಳಿಯರು, ಹುಕುಂ ರೆಸಿಡೆಂಟನದು. ಆ ಪಡೆಯ ಖರ್ಚು ನಿಜಾಮನ ಖಜಾನೆಯನ್ನು ವರ್ಷ ವರ್ಷ ತಿಂದಿತು. ಖಜಾನೆ ಬರಿದಾದಾಗ ನಿಜಾಮನ ದರಬಾರು ತನ್ನ ಕೈಕೆಳಗಿನ ಸಂಸ್ಥಾನಗಳನ್ನು ಹಿಂಡಿತು. ಹಾಗೆ ಹಿಂಡಿಸಿಕೊಂಡದ್ದರಲ್ಲಿ ನಮ್ಮ ಸುರಪುರವೂ ಒಂದು. ದೊರೆ ಕೃಷ್ಣಪ್ಪ ನಾಯಕ ಪಟ್ಟಕ್ಕೆ ಬಂದಾಗ ಲಕ್ಷಗಟ್ಟಲೆ ನಜರಾನೆ, ಅಂದರೆ ಪಟ್ಟದ ಕಾಣಿಕೆ ಕೇಳಿದರು. ಅದನ್ನು ತೀರಿಸಲು ಸಾಲ, ಸಾಲ ತೀರಿಸಲು ಮತ್ತೆ ಸಾಲ. 1841ರಲ್ಲಿ ಟೇಲರ್ ಸುರಪುರಕ್ಕೆ ಬಂದದ್ದು ಈ ಬಾಕಿಯ ಸಲುವಾಗಿ. ಕೆರೆ ಕಟ್ಟಿಸಲು ಅವನನ್ನು ಯಾರೂ ಕಳಿಸಿರಲಿಲ್ಲ.

ಇನ್ನೊಂದು ಮಾತನ್ನೂ ಸೇರಿಸುತ್ತೇನೆ, ಏಕೆಂದರೆ ಇದನ್ನು ನಮ್ಮ ಕಡೆ ಯಾರೂ ಹೇಳುವುದಿಲ್ಲ. ಟೇಲರ್‌ನ ಹೆಂಡತಿ ಮೇರಿ, ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರ್‌ನ ಮಗಳು. ಈ ಪಾಮರ್‌ನ ಕೋಠಿ ನಿಜಾಮನಿಗೆ ಭಾರಿ ಬಡ್ಡಿಗೆ ಸಾಲ ಕೊಟ್ಟು ಹೆಸರು ಕೆಡಿಸಿಕೊಂಡು, ಕೊನೆಗೆ ದಿವಾಳಿ ಎದ್ದಿತ್ತು. ಪಾಮರ್‌ನ ತಾಯಿ ಹಿಂದೂಸ್ತಾನದ ಮುಸಲ್ಮಾನ ಬೇಗಂ. ಹಾಗಾಗಿ ಟೇಲರ್‌ನ ಮನೆಯಲ್ಲೇ ಎರಡೂ ಲೋಕ ಇದ್ದವು. ನಮ್ಮ ಜನರ ಜೊತೆ ಆತ ಅಷ್ಟು ಸಲೀಸಾಗಿ ಬೆರೆತದ್ದಕ್ಕೆ ಇದೂ ಒಂದು ಕಾರಣ ಇರಬೇಕು ಎಂದು ನನಗೆ ಅನ್ನಿಸುತ್ತದೆ. ನಿಜಾಮನ ಸಾಲ ಯಾವ ದಾರಿಯಲ್ಲಿ ಹರಿದು ಯಾರ ಹೊಲಕ್ಕೆ ಬರುತ್ತದೆ ಎಂಬುದೂ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಸುರಪುರಕ್ಕೆ ಬರುವ ಮೊದಲು ಆತ ಪೊಲೀಸ್ ಕೆಲಸ ಮಾಡಿದ್ದ. ದಾರಿಹೋಕರನ್ನು ಕೊಲ್ಲುವ ಠಗ್ಗರ ಸುಳಿವು ಹಿಡಿದು ಹೊರಟಿದ್ದಾಗ ಪಡೆಗೆ ವಾಪಸ್ ಕರೆಸಿಕೊಂಡರು. ಅದು ಅವನಿಗೆ ಬಹಳ ನೋವಾಯಿತು. ಆಮೇಲೆ ಠಗ್ಗರ ಮೇಲೆ ಕಾದಂಬರಿ ಬರೆದ. ಅದು 1839ರಲ್ಲಿ ಲಂಡನ್‌ನಲ್ಲಿ ಅಚ್ಚಾಗಿ ದೊಡ್ಡ ಹೆಸರು ತಂದಿತು. ಸುರಪುರಕ್ಕೆ ಬಂದಾಗ ಆತ ಹೆಸರುವಾಸಿ ಲೇಖಕ, ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಸುದ್ದಿ ಬರೆಯುವವನು. ಕೈಯಲ್ಲಿ ಲೇಖನಿ ಇದ್ದ ಅಧಿಕಾರಿ ಅವನು. ಎದುರಿಗೆ ನಿಂತವರ ಕೈಯಲ್ಲಿ ಅದು ಇರಲಿಲ್ಲ. ಇದನ್ನು ನೆನಪಿಟ್ಟುಕೊಂಡೇ ಮುಂದಿನದನ್ನು ಓದಬೇಕು.

ಸುರಪುರ ಆಗ ಎಂಥ ಜಾಗ? ಕೃಷ್ಣಾ ಮತ್ತು ಭೀಮಾ ನಡುವಿನ ಕಲ್ಲುಗುಡ್ಡದ ನಾಡು. ಬೇಡ ನಾಯಕರ ಸಂಸ್ಥಾನ. ಔರಂಗಜೇಬ ತನ್ನ ಕೊನೆಯ ದೊಡ್ಡ ಮುತ್ತಿಗೆ ಹಾಕಿದ್ದು ಇಲ್ಲಿಯೇ, 1705ರಲ್ಲಿ, ವಾಗಿಣಗೇರಾ ಕೋಟೆಗೆ. ಕೋಟೆ ಸಿಕ್ಕಿತು, ನಾಯಕ ಸಿಗಲಿಲ್ಲ. ಬಾದಶಹ ಇಲ್ಲೇ ದೇವಾಪುರದಲ್ಲಿ ಬಿಡಾರ ಹೂಡಿ ಕಾಯಿಲೆ ಬಿದ್ದು ತಿಂಗಳುಗಟ್ಟಲೆ ಮಲಗಿದ. ಅಂಥ ಊರಿನವರು ನಿಜಾಮನ ತಹಶೀಲಿನವರಿಗೆ ತಲೆ ಬಾಗಿಸುವುದು ಸುಲಭ ಇರಲಿಲ್ಲ. ಕೃಷ್ಣೆಯ ಆಚೆ ಲಿಂಗಸುಗೂರಿನಲ್ಲಿ ಬಿಳಿಯರ ಅಧಿಕಾರದ ದಂಡು ಕೂತಿತ್ತು. ಒಂದು ಕಡೆ ನಿಜಾಮ, ಇನ್ನೊಂದು ಕಡೆ ಕಂಪನಿ. ನಡುವೆ ಸಾವಿರಾರು ಬೇಡರ ಪಡೆ ಇಟ್ಟುಕೊಂಡ ಸಣ್ಣ ಸಂಸ್ಥಾನ. ಆ ಗಡಿನಾಡಿಗೆ ಬಂದವನು ಕ್ಯಾಪ್ಟನ್ ಟೇಲರ್.

ಕೃಷ್ಣಪ್ಪ ನಾಯಕ ತೀರಿಕೊಂಡ ಮೇಲೆ ಉಳಿದದ್ದು ಏಳೆಂಟು ವರ್ಷದ ಹುಡುಗ ವೆಂಕಟಪ್ಪ ನಾಯಕ, ಮತ್ತು ಅವನ ತಾಯಿ ರಾಣಿ ಈಶ್ವರಮ್ಮ. ಹುಡುಗ ದೊಡ್ಡವನಾಗುವವರೆಗೆ ಸಂಸ್ಥಾನ ನೋಡಿಕೊಳ್ಳಲು ರೆಸಿಡೆಂಟ್ ಜನರಲ್ ಫ್ರೇಸರ್ ಟೇಲರ್‌ನನ್ನು ಇಟ್ಟ. 1853ರವರೆಗೆ ಇಲ್ಲಿಯ ಆಡಳಿತ ಅವನ ಕೈಯಲ್ಲಿತ್ತು.

ಆ ವರ್ಷಗಳಲ್ಲಿ ಆತ ಒಳ್ಳೆಯ ಕೆಲಸ ಮಾಡಿದ. ಇದನ್ನು ಒಪ್ಪದಿದ್ದರೆ ನಾನು ನನ್ನ ಕಸುಬಿಗೇ ಮೋಸ ಮಾಡಿದ ಹಾಗೆ. ಸಾಲದ ಲೆಕ್ಕ ಕೂಡಿಸಿ ಕಳೆದು ಒಂದು ಹದಕ್ಕೆ ತಂದ. ಕಂದಾಯಕ್ಕೆ ಒಂದು ಕ್ರಮ ತಂದ. ರಸ್ತೆ ಮಾಡಿಸಿದ. ಬೋನಾಳ ಕೆರೆ ನಾಯಕರ ಕಾಲದ್ದು, ಅದನ್ನು ದುರಸ್ತಿ ಮಾಡಿಸಿ ದೊಡ್ಡದು ಮಾಡಿದ. ಇವತ್ತು ಅದು ಪಕ್ಷಿಧಾಮ. ಚಳಿಗಾಲದಲ್ಲಿ ಅಲ್ಲಿ ಇಳಿಯುವ ಹಕ್ಕಿ ನೋಡಲು ಬೇರೆ ಜಿಲ್ಲೆಯವರೂ ಬರುತ್ತಾರೆ. ಆತ ಇಂಜಿನಿಯರ್ ಶಾಲೆ ಕಂಡವನಲ್ಲ. ಮೋಜಣಿ, ಕಾನೂನು, ಭೂಗರ್ಭ, ಚಿತ್ರಕಲೆ ಎಲ್ಲವನ್ನೂ ತಾನೇ ಕೂತು ಕಲಿತವನು. ಆಮೇಲೆ ನಳದುರ್ಗದಲ್ಲಿದ್ದಾಗ ಅಲ್ಲಿಯ ಊರವರಿಗೇ ಅಳತೆ ಕಲಿಸಿ ಜಮೀನು ಮೋಜಣಿ ಮಾಡಿಸಿದ. ಒಬ್ಬ ಭೂಮಾಪಕನಾಗಿ ಈ ವಿಷಯ ಓದಿದಾಗ ನನಗೆ ಅವನ ಮೇಲೆ ಗೌರವ ಬಂತು, ಈಗಲೂ ಇದೆ.

ಆದರೆ ಕೆರೆ ಏರಿಯ ಮಣ್ಣು ಹೊತ್ತವರು ಯಾರು? ಅವರ ಊರು ಯಾವುದು? ಕೂಲಿ ಎಷ್ಟು ಸಿಕ್ಕಿತು? ಬೋನಾಳದ ನೀರು ಹಾಯುವ ಗದ್ದೆ ಯಾರ ಪಾಲಿಗೆ ಹೋಯಿತು? ಕೆರೆಯನ್ನು ಟೇಲರ್ ಕಟ್ಟಿಸಿದ ಎಂದು ಹೇಳುವ ನಾವು ಈ ಪ್ರಶ್ನೆಯನ್ನು ಒಂದು ಸಲವೂ ಕೇಳಿಲ್ಲ.

ರಾಣಿ ಈಶ್ವರಮ್ಮನ ವಿಷಯಕ್ಕೆ ಬರುತ್ತೇನೆ. ಇಲ್ಲಿ ನನಗೆ ಜಾಸ್ತಿ ಹೇಳುವುದಿದೆ.

ಟೇಲರ್‌ನ ಪುಸ್ತಕದಲ್ಲಿ ಆಕೆ ಹಟಮಾರಿ, ಸಂಚುಗಾರ್ತಿ. ಕೆಲಸಕ್ಕೆ ಅಡ್ಡ ಬರುವ ಹೆಂಗಸು. ಆಕೆಯ ನಡತೆಯ ಬಗ್ಗೆಯೂ ಅದರಲ್ಲಿ ಕಟು ಮಾತುಗಳಿವೆ. ಓದಿದವರೆಲ್ಲ ಅದನ್ನೇ ನಂಬಿ ಅದನ್ನೇ ಭಾಷಣದಲ್ಲಿ ಹೇಳುತ್ತಾರೆ. ಸ್ವಲ್ಪ ಯೋಚನೆ ಮಾಡಿ. ಗಂಡ ಸತ್ತಿದ್ದಾನೆ. ಮಗ ಸಣ್ಣವನು. ಸಂಸ್ಥಾನದ ಮೇಲೆ ಸಾಲದ ಗುಡ್ಡ ಇದೆ. ಮನೆತನದಲ್ಲೇ ಪಟ್ಟಕ್ಕೆ ಕಣ್ಣು ಹಾಕಿದವರಿದ್ದಾರೆ. ಆಗ ಹೊರಗಿನಿಂದ ಬಂದ ಒಬ್ಬ ಕ್ಯಾಪ್ಟನ್ ಖಜಾನೆಯ ಕೀಲಿಕೈ ಕೇಳುತ್ತಾನೆ, ಮಗನನ್ನು ನಾನೇ ಬೆಳೆಸುತ್ತೇನೆ ಎನ್ನುತ್ತಾನೆ. ಯಾವ ತಾಯಿ ಸುಮ್ಮನಿರುತ್ತಾಳೆ? ಕಿತ್ತೂರಿನಲ್ಲಿ ದತ್ತು ಮಗನ ಹಕ್ಕನ್ನು ಕಂಪನಿ ಒಪ್ಪದೆ ಹೋದದ್ದು, ರಾಣಿ ಚೆನ್ನಮ್ಮ 1824ರಲ್ಲಿ ಎದ್ದು ನಿಂತದ್ದು, ಆಮೇಲೆ ಬೈಲಹೊಂಗಲದಲ್ಲಿ ಸೆರೆಯಲ್ಲೇ ಸತ್ತದ್ದು, ಇದೆಲ್ಲ ನಡೆದು ಆಗ ಇಪ್ಪತ್ತು ವರ್ಷವೂ ಆಗಿರಲಿಲ್ಲ. ಆ ಸುದ್ದಿ ಸುರಪುರದ ಅರಮನೆಗೆ ಮುಟ್ಟದೆ ಇರಲು ಸಾಧ್ಯವಾ? ಕ್ಯಾಪ್ಟನ್‌ಗೆ ಸಂಚು ಎಂದು ಕಂಡದ್ದು ಅರಮನೆಯೊಳಗಿನಿಂದ ನೋಡಿದರೆ ಎಚ್ಚರ ಎಂದು ಕಾಣುತ್ತದೆ. ಈಶ್ವರಮ್ಮ ತನ್ನ ಕತೆ ಬರೆದಿಟ್ಟಿಲ್ಲ. ಹಾಗೆಂದು ಆಕೆಗೆ ಹೇಳುವುದು ಏನೂ ಇರಲಿಲ್ಲ ಎಂದು ಅರ್ಥವಲ್ಲ, ಅಲ್ವಾ?

ಚೆನ್ನಮ್ಮನ ಹೆಸರು ಮಕ್ಕಳ ಬಾಯಲ್ಲಿದೆ. ಈಶ್ವರಮ್ಮನ ಹೆಸರು ಸುರಪುರದ ಮಕ್ಕಳಿಗೇ ಗೊತ್ತಿಲ್ಲ. ನನ್ನ ಮೊಮ್ಮಗಳು ಓದುವ ತರಗತಿಯಲ್ಲಿ ಕೇಳಿ ನೋಡಿದೆ. ಒಂದು ಕೈಯೂ ಮೇಲೆ ಏಳಲಿಲ್ಲ. ಟೇಲರ್ ಹೆಸರಿಗೆ ಬಹಳ ಕೈ ಎದ್ದವು.

ಹುಡುಗ ವೆಂಕಟಪ್ಪ ಟೇಲರ್‌ನನ್ನು ಅಪ್ಪಾ ಎಂದು ಕರೆಯುತ್ತಿದ್ದ. ಊರ ಜನ ಮಹಾದೇವ ಬಾಬಾ ಎನ್ನುತ್ತಿದ್ದರು. ಆ ಪ್ರೀತಿ ಸುಳ್ಳು ಎಂದು ನಾನು ಹೇಳುವುದಿಲ್ಲ. ಪುಸ್ತಕದಲ್ಲಿ ಆ ಹುಡುಗನ ಬಗ್ಗೆ ಬರೆದ ಕಡೆ ಟೇಲರ್‌ನ ಕೈ ಮೆತ್ತಗಾಗುತ್ತದೆ. 1853ರಲ್ಲಿ ವೆಂಕಟಪ್ಪ ನಾಯಕನಿಗೆ ಅಧಿಕಾರ ಒಪ್ಪಿಸಿ ಟೇಲರ್ ಹೊರಟ. ಅದೇ ವರ್ಷ ನಿಜಾಮ ತನ್ನ ಪಡೆಯ ಖರ್ಚಿನ ಬಾಕಿಗೆ ಬೇರಾರ್, ನಳದುರ್ಗ, ರಾಯಚೂರು ದೋಅಬ್ ಇವನ್ನೆಲ್ಲ ಕಂಪನಿಯ ಕೈಗೆ ಕೊಟ್ಟ. ಟೇಲರ್ ನಳದುರ್ಗಕ್ಕೆ ಅಧಿಕಾರಿಯಾಗಿ ಹೋದ. 1857ರಲ್ಲಿ ಬೇರಾರ್‌ಗೆ ಕಳಿಸಿದರು. ಅಲ್ಲಿ ದಂಡಿನ ಬೆಂಬಲ ಇಲ್ಲದೆ ತನ್ನ ವರ್ಚಸ್ಸಿನಿಂದಲೇ ಆ ಸೀಮೆಯನ್ನು ಶಾಂತವಾಗಿ ಇಟ್ಟ.

ಸುರಪುರದಲ್ಲಿ ಆಗ ಏನಾಯಿತು ಅನ್ನುವುದು ಎಲ್ಲರಿಗೂ ಗೊತ್ತು ಎಂದು ನಾವು ಅಂದುಕೊಂಡಿದ್ದೇವೆ. ನಿಜವಾಗಿ ಗೊತ್ತಿರುವವರು ಕಡಿಮೆ. 1858ರ ಫೆಬ್ರವರಿ 7ರ ರಾತ್ರಿ ಸುರಪುರದ ಹತ್ತಿರ ಬಿಡಾರ ಹೂಡಿದ್ದ ಕ್ಯಾಪ್ಟನ್ ವಿಂಡಂನ ದಂಡಿನ ಮೇಲೆ ದೊರೆಯ ಕಡೆಯವರ ದಾಳಿ ಆಯಿತು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ಸ್ಟುವರ್ಟ್ ಎಂಬ ಇನ್ನೊಬ್ಬ ಅಧಿಕಾರಿಯೂ ಉಳಿಯಲಿಲ್ಲ. ಬೇರೆ ಕಡೆಯಿಂದಲೂ ಬ್ರಿಟಿಷ್ ದಂಡು ಬಂತು. ನಾಲ್ವಡಿ ವೆಂಕಟಪ್ಪ ನಾಯಕ ಊರು ಬಿಟ್ಟು ಹೈದರಾಬಾದಿಗೆ ಹೋದ. ಅಲ್ಲಿ ಸಿಕ್ಕಿಬಿದ್ದ. ಮೊದಲು ಮರಣದಂಡನೆ ಆಯಿತು, ಆಮೇಲೆ ಅದನ್ನು ಇಳಿಸಿ ಕೊನೆಗೆ ನಾಲ್ಕು ವರ್ಷದ ಸೆರೆ ಎಂದಾಯಿತು. ಮದರಾಸಿನ ಹತ್ತಿರದ ಚೆಂಗಲ್ಪಟ್ಟು ಕೋಟೆಗೆ ಕರೆದೊಯ್ಯುವ ದಾರಿಯಲ್ಲಿ ಗುಂಡು ತಾಗಿ ಸತ್ತ. ಕಾವಲಿಗೆ ಬಂದ ಬಿಳಿಯ ಅಧಿಕಾರಿಯ ಪಿಸ್ತೂಲು. ಅಧಿಕಾರಿ ಡೇರೆಯಿಂದ ಹೊರಗೆ ಹೋಗಿದ್ದಾಗ ದೊರೆ ತಾನೇ ಸುಟ್ಟುಕೊಂಡ ಎಂದು ಟೇಲರ್ ಬರೆದಿದ್ದಾನೆ.

ಟೇಲರ್ ಅಲ್ಲಿ ಇರಲಿಲ್ಲ. ಅವನಿಗೆ ಹೇಳಿದ್ದನ್ನು ಅವನು ಬರೆದ. ನಮ್ಮ ಅಜ್ಜಿ ಬೇರೆ ಮಾತು ಹೇಳುತ್ತಿದ್ದಳು. ದೊರೆಯನ್ನು ಅವರೇ ಸುಟ್ಟರು ಎನ್ನುತ್ತಿದ್ದಳು. ಅಜ್ಜಿಯೂ ಅಲ್ಲಿ ಇರಲಿಲ್ಲ. ಅವಳ ಅಜ್ಜಿ ಹೇಳಿದ್ದನ್ನು ಅವಳು ಹೇಳುತ್ತಿದ್ದಳು. ಎರಡರಲ್ಲಿ ಯಾವುದು ನಿಜ ಎಂದು ತೀರ್ಪು ಕೊಡಲು ನಾನು ಕೂತಿಲ್ಲ. ಆದರೆ ಒಂದು ಮಾತು ಅಚ್ಚಾಯಿತು, ಲಂಡನ್ನಿನ ಗ್ರಂಥಾಲಯದಲ್ಲಿ ಕೂತಿತು. ಇನ್ನೊಂದು ಅಡುಗೆಮನೆಯ ಒಲೆಯ ಮುಂದೆ ಉಳಿಯಿತು, ಹೇಳುವವರು ಸತ್ತ ಹಾಗೆ ಅದೂ ಸಾಯುತ್ತಿದೆ. ರಂಗಂಪೇಟೆ, ತಿಮ್ಮಾಪುರ, ವಾಗಿಣಗೇರಾದ ಹಳೆಯ ಮನೆಗಳಲ್ಲಿ ಇಂಥ ಮಾತು ತಿಳಿದವರು ಈಗ ಎಂಬತ್ತು ದಾಟಿದ್ದಾರೆ. ಬನ್ನಿ ಹಬ್ಬಕ್ಕೆ ಹಳೆಯ ಕತ್ತಿ ತೊಳೆದು ಪೂಜೆಗೆ ಇಡುವ ಮನೆಗಳಿವೆ. ಆ ಕತ್ತಿ ಯಾರದು, ಯಾವ ಕಾಳಗದ್ದು ಎಂದು ಕೇಳಿ ಬರೆದಿಟ್ಟುಕೊಳ್ಳಲು ಯಾರೂ ಹೋಗಿಲ್ಲ.

ಟೇಲರ್ ಸುರಪುರದಲ್ಲೇ ಇದ್ದಿದ್ದರೆ ದಂಗೆಯೇ ಆಗುತ್ತಿರಲಿಲ್ಲ ಎಂದು ಸಭೆಗಳಲ್ಲಿ ಹೇಳುವುದನ್ನು ಕೇಳಿದ್ದೇನೆ. ಹೊಗಳುವ ಪತ್ರದಲ್ಲೂ ಆ ಮಾತು ಇತ್ತು. ಈ ಮಾತು ನನಗೆ ಸಿಟ್ಟು ತರಿಸುತ್ತದೆ. ವೆಂಕಟಪ್ಪ ನಾಯಕನಿಗೆ ಆಗ ಇಪ್ಪತ್ತು ದಾಟಿತ್ತು. ಸುತ್ತ ಏನು ನಡೆಯುತ್ತಿದೆ ಎಂದು ನೋಡುವ ಕಣ್ಣು ಅವನಿಗಿತ್ತು. 1857ರ ಕೊನೆಗೆ ಹಲಗಲಿಯ ಬೇಡರು ಹತಾರ ಒಪ್ಪಿಸುವುದಿಲ್ಲ ಎಂದು ನಿಂತು ಊರಿಗೆ ಊರೇ ಸುಟ್ಟುಹೋಗಿತ್ತು. ಅದೇ 1858ರಲ್ಲಿ ಮುಂಡರಗಿಯ ಭೀಮರಾಯ ಎದ್ದ, ನರಗುಂದದ ಬಾಬಾಸಾಹೇಬ ಎದ್ದ. ಹತಾರ ಕಸಿದುಕೊಂಡರೆ ಬೇಡನಿಗೆ ಉಳಿಯುವುದೇನು? ಇಷ್ಟು ದೊಡ್ಡ ಕಾರಣ ಕಣ್ಣ ಮುಂದೆ ಇರುವಾಗ, ಸಾಕಿದ ಸಾಹೇಬ ದೂರ ಹೋದ, ಹುಡುಗ ಕೆಟ್ಟ ಎಂದು ಕತೆ ಕಟ್ಟುವುದು ಆ ದೊರೆಗೆ ಮಾಡುವ ಅನ್ಯಾಯ. ಆತ ಕೆಟ್ಟ ಸಹವಾಸಕ್ಕೆ ಬಿದ್ದ ಹುಡುಗನಲ್ಲ. ತನ್ನ ಊರಿನ ಪರವಾಗಿ ಒಂದು ತೀರ್ಮಾನ ತೆಗೆದುಕೊಂಡ ದೊರೆ.

ದೊರೆ ಸೆರೆ ಸಿಕ್ಕ ಮೇಲೆ ಟೇಲರ್‌ನನ್ನೇ ಮತ್ತೆ ಸುರಪುರಕ್ಕೆ ಕಮಿಷನರ್ ಮಾಡಿ ಕಳಿಸಿದರು. ಆತ ಬಂದು ಎಲ್ಲವನ್ನೂ ಮತ್ತೆ ಬ್ರಿಟಿಷರಿಗೆ ಬೇಕಾದ ಹಾಗೆ ಸರಿ ಮಾಡಿದ. 1860ರಲ್ಲಿ ಆರೋಗ್ಯ ಕೆಟ್ಟು ಊರಿಗೆ ಹೊರಟ. ಅದೇ 1860ರ ಒಪ್ಪಂದದಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮನಿಗೆ ಕೊಟ್ಟುಬಿಟ್ಟರು. 1857ರಲ್ಲಿ ನಿಜಾಮ ತಮ್ಮ ಪರ ನಿಂತದ್ದಕ್ಕೆ ಕೊಟ್ಟ ಇನಾಮು. ಜೊತೆಗೆ ನಿಜಾಮನ ಮೇಲಿದ್ದ 50 ಲಕ್ಷದ ಸಾಲವೂ ಮಾಫಿ. ಒಂದು ಕಾಲಕ್ಕೆ ನಜರಾನೆಯ ಬಾಕಿಗೆ ಸುರಪುರದ ಕುತ್ತಿಗೆ ಹಿಡಿದವರು, ಕೊನೆಗೆ ಸುರಪುರವನ್ನೇ ಕೊಟ್ಟು ಅದೇ ನಿಜಾಮನ ಸಾಲ ಬಿಟ್ಟರು. ಈ ಲೆಕ್ಕವನ್ನು ನಮ್ಮ ಮಕ್ಕಳು ಕಲಿಯಬೇಕು. ಟೇಲರ್ ಎಷ್ಟು ಪ್ರಾಮಾಣಿಕನಾಗಿ ದುಡಿದರೂ ಆತ ಸರಿಪಡಿಸಿದ ಸಂಸ್ಥಾನ ಕೊನೆಗೆ ಸೇರಿದ್ದು ಅಲ್ಲಿಗೇ. ಚೊಕ್ಕ ಲೆಕ್ಕ, ಚೊಕ್ಕ ರಸ್ತೆ, ದುರಸ್ತಿಯಾದ ಕೆರೆ ಎಲ್ಲವೂ ಹೊಸ ಯಜಮಾನನಿಗೆ ಹೋಯಿತು.

ಅವನ ಇನ್ನೊಂದು ಕೆಲಸದ ಬಗ್ಗೆ ಬರೆಯದಿದ್ದರೆ ಈ ಪತ್ರ ಅರ್ಧವಾಗುತ್ತದೆ. ಆಡಳಿತದ ನಡುವೆ ಟೇಲರ್ ನಮ್ಮ ಸೀಮೆಯ ಹಳೆಯ ಕಲ್ಲುಗಳ ಹಿಂದೆ ಬಿದ್ದ. ಜೇವರ್ಗಿ, ರಾಜನಕೋಳೂರು, ವಿಭೂತಿಹಳ್ಳಿ. ಜೇವರ್ಗಿಯ ಹತ್ತಿರ ಕಲ್ಲುಗುಡ್ಡೆಯ ಗೋರಿಗಳನ್ನು ಅಗೆಸಿದ. ಸುಮ್ನೆ ಅಗೆದು ಸಾಮಾನು ಎತ್ತಿಕೊಳ್ಳಲಿಲ್ಲ. ಯಾವ ಆಳದಲ್ಲಿ ಯಾವ ಪದರ, ಎಲ್ಲಿ ಮೂಳೆ, ಎಲ್ಲಿ ಮಡಕೆ ಎಂದು ಕಡಿದ ಗೋಡೆಯ ನಕ್ಷೆ ಬರೆದ. ಇಡೀ ಲೋಕದಲ್ಲೇ ಹಾಗೆ ಬರೆಯುವವರು ಆಗ ಬೆರಳೆಣಿಕೆ. ಮುಂದೆ ಭಾರತದ ಪುರಾತತ್ವ ಇಲಾಖೆ ನಡೆಸಿದ ಮಾರ್ಟಿಮರ್ ವೀಲರ್ ಕೂಡ ಆ ನಕ್ಷೆಯನ್ನು ಮೆಚ್ಚಿದ್ದರು. ನಾನೂ ನೋಡಿದ್ದೇನೆ. ಆ ಗೆರೆಗಳನ್ನು ನೋಡಿದರೆ ಅಳತೆ ಗೊತ್ತಿದ್ದವನ ಕೈ ಎಂದು ತಿಳಿಯುತ್ತದೆ. ವಿಭೂತಿಹಳ್ಳಿಯಲ್ಲಿ ಸಾಲು ಸಾಲಾಗಿ ಇಟ್ಟ ಬಂಡೆಗಳ ಬಗ್ಗೆಯೂ ಬರೆದ. ಇವನ್ನು ಇಟ್ಟವರು ಯುರೋಪಿನ ಕಡೆಯ ಹಳೆಯ ಜನರ ಬಳಗ ಇರಬೇಕು ಎಂದು ಅವನು ಅಂದುಕೊಂಡ. ಅದನ್ನು ಈಗ ಯಾರೂ ಒಪ್ಪುವುದಿಲ್ಲ. ನಮ್ಮ ನೆಲದಲ್ಲಿ ನಮ್ಮ ಕಬ್ಬಿಣ ಯುಗದ ಜನ ಕಟ್ಟಿದ ಗುರುತುಗಳು ಅವು. ಆದರೆ ಕಣ್ಣಿಗೆ ಕಂಡದ್ದನ್ನು ಅಳೆದು ಬರೆದಿಟ್ಟನಲ್ಲ, ಅದು ಇವತ್ತಿಗೂ ಉಪಯೋಗಕ್ಕೆ ಬರುತ್ತದೆ. ನಮ್ಮ ಹುಣಸಗಿ ಕಣಿವೆಯಲ್ಲಿ ಇಸಾಂಪುರದ ಕಲ್ಲಿನ ಆಯುಧಗಳಿಗೆ ಸುಮಾರು 12 ಲಕ್ಷ ವರ್ಷ ಎಂದು ಆಮೇಲಿನ ವಿದ್ವಾಂಸರು ತೋರಿಸಿಕೊಟ್ಟರು. ಅಂಥ ನೆಲ ಇದು.

ಟೇಲರ್ ಕಡೆಗಾಲದಲ್ಲಿ ಕಣ್ಣು ಕಳೆದುಕೊಂಡ. 1875ರಲ್ಲಿ ಮತ್ತೊಮ್ಮೆ ಭಾರತಕ್ಕೆ ಬಂದು, ಜ್ವರ ಹಿಡಿದು, ವಾಪಸ್ ಹೋಗುವ ದಾರಿಯಲ್ಲಿ 1876ರ ಮೇ 13ರಂದು ಫ್ರಾನ್ಸಿನ ಮಾಂತೋನ್‌ನಲ್ಲಿ ತೀರಿಕೊಂಡ. ಬದುಕಿನ ಕತೆ ಅವನು ಸತ್ತ ಮೇಲೆ ಮಗಳ ಕೈಯಿಂದ ಹೊರಬಂತು. ವಯಸ್ಸಾದ ಮನುಷ್ಯ, ದೂರದ ದೇಶದಲ್ಲಿ ಕೂತು, ಪ್ರೀತಿಯಿಂದ ನೆನೆದು ಬರೆದ ಪುಸ್ತಕ ಅದು. ಹಾಗೆ ಬರೆದ ಪುಸ್ತಕದಲ್ಲಿ ಬರೆದವನು ಒಳ್ಳೆಯವನಾಗಿಯೇ ಕಾಣುತ್ತಾನೆ. ಅದರಲ್ಲಿ ಅವನ ತಪ್ಪೇನೂ ಇಲ್ಲ. ಎದುರಿನ ಮಾತನ್ನು ಹುಡುಕದೆ ಬಿಟ್ಟ ತಪ್ಪು ನಮ್ಮದು.

ಹಾಗಾಗಿ ನನ್ನ ಬೇಡಿಕೆ ಹೆಸರು ಬದಲಾಯಿಸುವುದಲ್ಲ. ಟೇಲರ್ ಮಂಜಿಲ್ ಅದೇ ಹೆಸರಲ್ಲಿ ಇರಲಿ. ಅದು ಅವನು ಕಟ್ಟಿಸಿ ಇದ್ದ ಮನೆ, ಅದನ್ನು ಅಳಿಸಿದರೆ ದಾಖಲೆಯೇ ಕಳೆದುಹೋಗುತ್ತದೆ. ಈಗ ಅದು ಸರ್ಕಾರಿ ಅತಿಥಿಗೃಹ. ಅದರಲ್ಲಿ ಒಂದು ಕೋಣೆಯನ್ನು ಜನರಿಗೆ ಬಿಟ್ಟುಕೊಡಬೇಕು. ಆ ಕೋಣೆಯಲ್ಲಿ ರಾಣಿ ಈಶ್ವರಮ್ಮ, ನಾಲ್ವಡಿ ವೆಂಕಟಪ್ಪ ನಾಯಕ ಮತ್ತು ಬೇಡ ಪಡೆಯ ಕತೆ ಕನ್ನಡದಲ್ಲಿ, ಮಕ್ಕಳು ಓದುವ ಹಾಗೆ, ದೊಡ್ಡ ಅಕ್ಷರದಲ್ಲಿ ಇರಬೇಕು. ಪಕ್ಕದಲ್ಲೇ ಟೇಲರ್‌ನ ಜೇವರ್ಗಿ ನಕ್ಷೆಯ ಪ್ರತಿ ಇರಲಿ, ಬೋನಾಳ ಕೆರೆಯ ನಕ್ಷೆ ಇರಲಿ. ಸುರಪುರದ ಚಿತ್ರಕಾರರು ಬರೆದ ಸಣ್ಣ ಚಿತ್ರಗಳಿಗೆ ದೊಡ್ಡ ಹೆಸರಿದೆ, ಅವುಗಳ ಪ್ರತಿಗೂ ಅಲ್ಲಿ ಗೋಡೆ ಸಿಗಲಿ.

ಕಾಗದಪತ್ರದ ಕೆಲಸ ಇದಕ್ಕಿಂತ ದೊಡ್ಡದು. ನಿಜಾಮನ ಕಾಲದ ದಫ್ತರ ಹೈದರಾಬಾದಿನ ಪತ್ರಾಗಾರದಲ್ಲಿದೆ, ಫಾರಸಿ ಮತ್ತು ಉರ್ದುವಿನಲ್ಲಿದೆ. ರೆಸಿಡೆಂಟ್ ಕಡೆಯ ಕಾಗದ ದೆಹಲಿಯಲ್ಲೂ ಲಂಡನ್ನಿನಲ್ಲೂ ಇವೆ. ಸುರಪುರಕ್ಕೆ ಸಂಬಂಧಿಸಿದ್ದನ್ನು ಹುಡುಕಿ, ಪ್ರತಿ ಮಾಡಿಸಿ, ಕನ್ನಡಕ್ಕೆ ತರುವ ಕೆಲಸವನ್ನು ಕಲಬುರಗಿಯ ಗುಲಬರ್ಗಾ ವಿಶ್ವವಿದ್ಯಾಲಯ ಕೈಗೆತ್ತಿಕೊಳ್ಳಬೇಕು. ಫಾರಸಿ, ಉರ್ದು ಓದಬಲ್ಲ ಹಿರಿಯರು ಕಲಬುರಗಿ ಮತ್ತು ಬೀದರಿನಲ್ಲಿ ಇನ್ನೂ ಇದ್ದಾರೆ. ಅವರನ್ನು ಈಗಲೇ ಕರೆಯಬೇಕು. ಹಾಗೆಯೇ ಸುರಪುರ ಸುತ್ತಿನ ಹಿರಿಯರ ಮಾತನ್ನು ಧ್ವನಿಮುದ್ರಿಸುವುದು. ಇದಕ್ಕೆ ದೊಡ್ಡ ಹಣ ಬೇಡ. ಕಾಲೇಜು ಹುಡುಗರ ಕೈಯಲ್ಲಿರುವ ಮೊಬೈಲ್ ಸಾಕು, ಏನು ಕೇಳಬೇಕು ಎಂದು ಹೇಳಿಕೊಡುವ ಒಬ್ಬ ಮೇಷ್ಟ್ರು ಸಾಕು.

ಯಾದಗಿರಿ ಜಿಲ್ಲಾಡಳಿತ ಮನಸ್ಸು ಮಾಡಿದರೆ ಬರುವ ಫೆಬ್ರವರಿ 8ಕ್ಕೆ, ಆ ಕಾಳಗ ನಡೆದ ದಿನಕ್ಕೆ, ಆ ಕೋಣೆಯ ಬಾಗಿಲು ತೆರೆಯಬಹುದು. ಬೋನಾಳ ಕೆರೆಯ ಈಗಿನ ಅಳತೆ ಮಾಡಿ ನಕ್ಷೆ ಬರೆದುಕೊಡುವ ಕೆಲಸ ನನಗೆ ಬಿಡಿ. ಅದಕ್ಕೆ ಕೂಲಿ ಬೇಡ. ಸರಪಳಿ ಹಿಡಿಯಲು ಇಬ್ಬರು ಹುಡುಗರನ್ನು ಕೊಟ್ಟರೆ ಆಯಿತು.

– ನಿವೃತ್ತ ಭೂಮಾಪಕ,
ರಂಗಂಪೇಟೆ, ಸುರಪುರ, ಯಾದಗಿರಿ ಜಿಲ್ಲೆ